ಮುಜಫರ್‌ನ ಹೆಂಡತಿಗೆ ಇಟ್ಟ ಫೋಟೋಗಳು

"ಥೂ! ಇದೂ ಬೆರಳ!" ತಹಸೀನ್ ಮೂಗು ಮುರಿದಳು. "ಇದರಾಗೂ ಬೆರಳ! ದಾದಿ ಕೈಯಾಗ ಫೋನ್ ಕೊಟ್ರ ಇಷ್ಟ ನೋಡು."

ಕಂಪ್ಯೂಟರಿನ ಪರದೆಯ ತುಂಬ ದಾದಿಯ, ಅಂದರೆ ಅವಳ ಅಜ್ಜಿಯ ಬೆರಳುಗಳು, ಬೆರಳುಗಳ ನಡುವೆ ಕೆಂಪು, ಹಸಿರು, ಹಳದಿ ನೂಲು. ಒಂದಲ್ಲ ಎರಡಲ್ಲ, ಇನ್ನೂರ ಹನ್ನೆರಡು ಫೋಟೋ. ಎಲ್ಲವೂ ಸೊಟ್ಟಗೆ. ಒಂದರಲ್ಲೂ ಮನುಷ್ಯರ ಮುಖವಿಲ್ಲ.

ಮರುದಿನ ಇಲಿಯಾಸ್ ಚಾಚಾ ಬಂದು ಈ ಹಳೆಯ ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕುವವನಿದ್ದ. "ಬೇಕಾದ್ದೆಲ್ಲಾ ಪೆನ್‌ಡ್ರೈವ್‌ನ್ಯಾಗ ತುಂಬಿ ಇಡು. ಉಳದದ್ದು ಅಳಿಸಿ ಹೋಗ್ತೈತಿ. ಆಮ್ಯಾಲೆ ಅತ್ತರ ನಾ ಕೇಳಾಂವಲ್ಲ" ಎಂದು ಹೇಳಿಹೋಗಿದ್ದ.

ಮನೆಯಲ್ಲಿ ಮೌಸ್ ಹಿಡಿಯಲು ಬರುತ್ತಿದ್ದವಳು ಆರನೇ ಕ್ಲಾಸಿನ ತಹಸೀನ್ ಒಬ್ಬಳೇ. ಬೆಳಿಗ್ಗೆಯಿಂದ ಅವಳ ಜಂಬ ನೋಡಬೇಕಿತ್ತು! ಅಬ್ಬಾನಿಗೆ "ವೈರ್ ಮುಟ್ಟಬ್ಯಾಡ್ರಿ" ಎಂದಳು. ಅಮ್ಮನಿಗೆ "ನಿಮಗ ತಿಳಿಯೂದಿಲ್ಲ ಬಿಡ್ರಿ" ಎಂದಳು. ತುಂಬಿದ ಕೊಡ ತುಳುಕುವುದಿಲ್ಲವಂತೆ. ತಹಸೀನಳ ಕೊಡದಲ್ಲಿ ನೀರು ಅರ್ಧವೇ ಇತ್ತು, ಅದಕ್ಕೇ ಅಷ್ಟು ಸದ್ದು.

ಪೆನ್‌ಡ್ರೈವ್‌ನಲ್ಲಿ ಜಾಗ ಕಡಿಮೆ. ಮೊದಲು ಅಬ್ಬಾನ ಆಧಾರ್ ಮತ್ತು ಹೊಲದ ಪಹಣಿ ಉತಾರ ಹಾಕಿದಳು. ಆಮೇಲೆ ಶಾಲೆಯ ಗ್ಯಾದರಿಂಗ್‌ನಲ್ಲಿ ತಾನು ಮಾಡಿದ ಡ್ಯಾನ್ಸಿನ ಒಂಬತ್ತು ವಿಡಿಯೋ. ಡ್ಯಾನ್ಸ್ ಒಂದೇ, ತೆಗೆದವರು ಒಂಬತ್ತು ಜನ! ಪೆನ್‌ಡ್ರೈವ್ ಭರ್ತಿಯಾಯಿತು.

ದಾದಿಯ ಬೆರಳುಗಳನ್ನೆಲ್ಲ ಒಟ್ಟಿಗೆ ಹಿಡಿದು ಡಿಲೀಟ್ ಒತ್ತಿದಳು. ಸೀದಾ ಕಂಪ್ಯೂಟರಿನ ಕಸದಬುಟ್ಟಿಗೆ.

ಅಷ್ಟರಲ್ಲಿ ದಾದಿ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಕಂಪ್ಯೂಟರ್ ಇದ್ದದ್ದೇ ದಾದಿಯ ಮಗ್ಗದ ಕೋಣೆಯಲ್ಲಿ. ನವಲಗುಂದದ ಆ ಓಣಿಯಲ್ಲಿ ದಾದಿ ಹಸನಬಿ ನೇಯ್ದ ನವಿಲಿನ ಜಮಖಾನೆ ಎಂದರೆ ಜನ ಬಾಗಿಲಿಗೆ ಬಂದು ಕಾಯುತ್ತಿದ್ದರು. ಆದರೆ ನವಿಲಿನ ಎಳೆ ಎಣಿಸಲು ಕುಳಿತಳೆಂದರೆ ದಾದಿ ತಹಸೀನಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ನನ್ನ ಫೋಟೋ ಹಾಕೀಯೇನಬೇ?" ದಾದಿ ಕೇಳಿದಳು.

"ಆ ಕಸಾನ? ಡಿಲೀಟ್ ಮಾಡೀನಿ."

ದಾದಿ ಅಲ್ಲೇ ಮಣೆಯ ಮೇಲೆ ಕುಸಿದು ಕುಳಿತಳು.

"ಅದು ನವಿಲಿನ ಲೆಕ್ಕ ಇತ್ತಲ್ಲ! ಸಾಲಿಗೊಂದು ಫೋಟೋ ತಗದಿದ್ದೆ. ಈಗ ಕಣ್ಣಾಗ ಬರೇ ಕತ್ತಲಿ ಕುಂತೈತಿ. ಡಾಕ್ಟರ್ ಇನ್ನ ಸುಧಾರಿಸೂದಿಲ್ಲ ಅಂದಾರ. ನಿಮ್ಮಮ್ಮ ಅಂಗನವಾಡಿ ಕೆಲಸಕ್ಕ ಹೊಂಟ ಮ್ಯಾಲೆ ಮಗ್ಗದ ಕಡೆ ಹೊಳ್ಳಿ ನೋಡಲಿಲ್ಲ. ಮುಜಫರ್‌ನ ಹೆಂಡ್ತಿಗೆ ಅಂತ ಇಟ್ಟಿದ್ದೆ."

ತಹಸೀನ್ ಬಾಗಿಲ ಕಡೆ ನೋಡಿದಳು. ಐದು ವರ್ಷದ ತಮ್ಮ ಮುಜಫರ್ ಚಡ್ಡಿಯಿಲ್ಲದೆ ಹೊಸ್ತಿಲ ಮೇಲೆ ಕುಳಿತು ಚುರಮುರಿ ಮುಕ್ಕುತ್ತಿದ್ದ. ಮೂಗಿನಿಂದ ಸಿಂಬಳ ಇಳಿಯುತ್ತಿತ್ತು.

"ಇಂವನ ಹೆಂಡ್ತಿಗ?" ಬಿದ್ದು ಬಿದ್ದು ನಕ್ಕಳು. "ಕೂಸು ಹುಟ್ಟೂಕಿಂತ ಮೊದ್ಲ ಕುಲಾಯಿ ಹೊಲಿಸಿದಂಗಾತು! ದಾದಿ, ನಾ ಇಲ್ಲೇ ಇದ್ದೀನಲ್ಲ! ನನಗ ಯಾಕ ಹೇಳಲಿಲ್ಲ?"

"ನೀ ಬ್ಯಾರೆ ಮನಿಗೆ ಹೋಗಾಕಿ. ಇದು ಈ ಮನಿ ವಿದ್ಯಾ. ಸೊಸಿಗೆ ಕೊಡೂದು, ಮಗಳಿಗಲ್ಲ."

ತಹಸೀನಳ ನಗು ನಿಂತಿತು.

ಅಂದರೆ ಇಷ್ಟು ವರ್ಷ ಬಾಗಿಲು ಹಾಕಿದ್ದು ಅದಕ್ಕೇ! ಎಲ್ಲಿದ್ದಾಳೋ, ಹುಟ್ಟಿದ್ದಾಳೋ ಇಲ್ಲವೋ, ಆ ಹುಡುಗಿಗೆ ನವಿಲು. ಕೇಳಿದಾಗೆಲ್ಲ ಸೂಜಿಗೆ ದಾರ ಪೋಣಿಸಿ ಕೊಟ್ಟ ತನಗೆ ಹೊಸ್ತಿಲು. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಕಸದಬುಟ್ಟಿಯ ಮೇಲೆ ಮೌಸಿನ ಬಾಣ ಇಟ್ಟಳು. ಖಾಲಿ ಮಾಡು ಎಂದು ಒತ್ತಿದರೆ ನವಿಲು ಯಾರಿಗೂ ಇಲ್ಲ. ಆ ಸೊಸೆಗೂ ಇಲ್ಲ!

ದಾದಿ ಅತ್ತ ತಿರುಗಿ ಮಗ್ಗದ ಎಳೆಗಳನ್ನು ಸವರುತ್ತಿದ್ದಳು. "ಒಂದು, ಎರಡು, ಮೂರು..." ಬೆರಳು ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದಳು. ಮತ್ತೆ ತಪ್ಪಿತು.

ತಹಸೀನ್ ಮೌಸ್ ಬಿಟ್ಟಳು.

"ಅಳಬ್ಯಾಡ ದಾದಿ. ಬುಟ್ಟಿ ಇನ್ನೂ ಖಾಲಿ ಮಾಡಿಲ್ಲ" ಎಂದು ಗೊಣಗಿದಳು.

"ನಾ ಎಲ್ಲೆ ಅತ್ತೀನಿ?" ದಾದಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಫೋಟೋಗಳು ವಾಪಸ್ ಬಂದವು. ಆದರೆ ಪೆನ್‌ಡ್ರೈವ್ ಜಾಗವಿಲ್ಲ ಎಂದಿತು. ತಹಸೀನ್ ಒಂದು ಡ್ಯಾನ್ಸ್ ಇಟ್ಟುಕೊಂಡು ಎಂಟನ್ನು ಅಳಿಸಿದಳು.

"ಎಲ್ಲಾ ಬಂದಾವೇನ?" ದಾದಿ ಮಣೆಯನ್ನು ಹತ್ತಿರ ಎಳೆದುಕೊಂಡಳು. "ನಿನ್ನ ಮ್ಯಾಲೆ ನಂಬಿಗಿ ಇಲ್ಲ. ಒಂದೊಂದ ತಗದು ಹೇಳು. ಮೊದಲನೇದರಾಗ ಕೆಂಪು ಎಷ್ಟು ಎಳಿ?"

"ಏಳು."

"ಹಸರು?"

"ಮೂರು."

"ಹೂಂ. ಮುಂದಿಂದು."

ಹೀಗೇ ಸಾಗಿತು. ಸಾಲು ಸಾಲಾಗಿ ನವಿಲಿನ ಕಾಲು ಬಂತು, ಹೊಟ್ಟೆ ಬಂತು, ಒಂದು ಕಡೆಯ ರೆಕ್ಕೆ ಮುಗಿಯಿತು. ಮುಂದಿನ ಫೋಟೋ ತೆರೆಯುವ ಮೊದಲೇ ತಹಸೀನ್ ಹೇಳಿದಳು, "ಈಗ ಹಸರು ಐದು. ಆಮ್ಯಾಲೆ ಹಳದಿ ಎರಡು."

ದಾದಿ ಅವಳ ಕಡೆ ತಿರುಗಿದಳು. "ಯಾರ್ ಹೇಳಿದ್ರು ನಿನಗ?"

"ಯಾರೂ ಹೇಳಿಲ್ಲ. ಆ ಕಡೆ ರೆಕ್ಕಿ ಹಂಗ ಇತ್ತಲ್ಲ. ಈ ಕಡೆದು ಬ್ಯಾರೆ ಆದ್ರ ನವಿಲು ಕುಂಟ್ತೈತಿ."

ಫೋಟೋ ತೆರೆಯಿತು. ಹಸಿರು ಐದು, ಹಳದಿ ಎರಡು.

ದಾದಿ ಮೊಣಕಾಲು ಹಿಡಿದು ಎದ್ದಳು. ಗೋಡೆ ಸವರುತ್ತ ಬಾಗಿಲ ಹತ್ತಿರ ಹೋದಳು. ತಹಸೀನ್ ಎದ್ದು ನಿಂತಳು. ಎಂದಿನಂತೆ ತನ್ನನ್ನು ಹೊರಗೆ ಕಳಿಸುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

"ಏಳಲೇ, ಹೊರಗ ಹೋಗಿ ಆಡು" ಎಂದು ದಾದಿ ಮುಜಫರ್‌ನನ್ನು ಹೊಸ್ತಿಲಿನಿಂದ ಎಬ್ಬಿಸಿದಳು. ಬಾಗಿಲು ಹಾಕಿ ಅಗುಳಿ ಜಡಿದಳು.

ಮುಜಫರ್ ಹೊರಗಿನಿಂದ ಬಾಗಿಲು ಬಡಿಯತೊಡಗಿದ. ಒಳಗೆ ತಹಸೀನ್ ಮತ್ತೆ ಕುಳಿತುಕೊಂಡು ಮುಂದಿನ ಫೋಟೋ ತೆರೆದಳು.