ಕಾರಿಗೋಸ್ಕರ ಮದುವೆಯಂತೆ!

“ರೀ... ಆ ಹಿಡಿ ಎಳೀಬೇಡಿ!”

ಕೂಗು ಕಿವಿಗೆ ಬೀಳುವ ಹೊತ್ತಿಗೆ ಹಿಡಿ ಅವಳ ಕೈಗೆ ಬಂದಾಗಿತ್ತು. ಬಾಗಿಲು ಮಾತ್ರ ಕಾರಿನಲ್ಲೇ ಉಳಿದಿತ್ತು.

ಅವಳು ಕೈಯಲ್ಲಿದ್ದ ಹಿಡಿಯನ್ನು ನೋಡಿದಳು. ಆಮೇಲೆ ಕೂಗಿದವನನ್ನು ನೋಡಿದಳು. ಎತ್ತರದ ಆಳು, ಮೂಗಿನ ತುದಿಗೆ ಜಾರಿದ ಕನ್ನಡಕ, ಕೈಯಲ್ಲಿ ಅರ್ಧ ಕುಡಿದ ಕಾಫಿ ಲೋಟ. ನಗು ಬರದಂತೆ ತುಟಿ ಕಚ್ಚಿಕೊಂಡು ನಿಂತಿದ್ದ.

“ನಾನು ಎಳೆದಿಲ್ಲ. ಮುಟ್ಟಿದೆ ಅಷ್ಟೇ!”

“ಎಲ್ಲರೂ ಹಾಗೇ ಹೇಳ್ತಾರೆ.”

“ಎಲ್ಲರೂ ಅಂದ್ರೆ? ಮುಂಚೆನೂ ಕಿತ್ತು ಬಂದಿದೆಯಾ? ನೀವು ಮಾರ್ತಿರೋದು ಕಾರೋ, ಗುಜರಿ ಸಾಮಾನೋ?”

ಮನೆಯಲ್ಲಿ ಎಲ್ಲರೂ ಅವಳನ್ನು ಕಿಡಿ ಅಂತ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ.

ಕಿಡಿ ಕೇಕು ಮಾಡಿ ಮನೆಮನೆಗೆ ತಲುಪಿಸುವವಳು. ಕೈರುಚಿಗೆ ಎರಡು ಮಾತಿಲ್ಲ. ಆದರೆ ಅವಳ ಸ್ಕೂಟರಿಗೆ ಮಾತ್ರ ಕೇಕು ಅಂದರೆ ಆಗದು. ಮನೆಯಿಂದ ಕೋಟೆಯಾಗಿ ಹೊರಟದ್ದು ಗಿರಾಕಿಯ ಮನೆ ತಲುಪುವಾಗ ದಿಬ್ಬವಾಗಿರುತ್ತಿತ್ತು. ಮೊನ್ನೆ ಒಂದು ಮದುವೆ ಕೇಕಿನ ಮೇಲೆ ನಿಂತಿದ್ದ ಸಕ್ಕರೆಯ ಮದುಮಗ ರಸ್ತೆ ಉಬ್ಬಿನ ಮೇಲೆ ಹಾರಿ ತಲೆ ಕಳೆದುಕೊಂಡ. “ಶುಭಕಾರ್ಯಕ್ಕೆ ತಲೆ ಇಲ್ಲದ ಗಂಡನ್ನ ತಂದ್ಯಲ್ಲೇ ತಾಯೀ!” ಅಂತ ಹೆಣ್ಣಿನ ತಾಯಿ ಅತ್ತೇಬಿಟ್ಟಿದ್ದರು.

ಅವತ್ತೇ ಕಿಡಿ ತೀರ್ಮಾನ ಮಾಡಿದ್ದಳು. ಹಳೆಯದಾದರೂ ಚಿಂತೆಯಿಲ್ಲ, ಪುಟ್ಟದಾದರೂ ಚಿಂತೆಯಿಲ್ಲ, ತಲೆ ಮೇಲೊಂದು ಸೂರಿರುವ ಗಾಡಿ ಬೇಕು!

ಅದಕ್ಕೇ ಅಕ್ಕನ ಗಂಡನನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದಳು. ಕೆಳಗೆ ಕನ್ನಡಕದ ಅಂಗಡಿ, ಮೇಲೆ ಮನೆ. ಅಂಗಡಿಯ ಮುಂದೆ, ಬಿಸಿಲಿಗೆ ಬಾಡಿದ ಬದನೆಕಾಯಿ ಬಣ್ಣದ ಗುಂಡುಗುಂಡನೆ ಕಾರು.

ಭಾವ ತನಗೆ ಕಾರಿನ ವಿಷಯ ಎಲ್ಲಾ ಗೊತ್ತು ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದ. ನಾಲ್ಕೂ ಚಕ್ರಕ್ಕೆ ಒಂದೊಂದು ಒದೆ ಕೊಟ್ಟ. ಬಾನೆಟ್ ತೆರೆದು ತುಂಬಾ ಹೊತ್ತು ಒಳಗೆ ದಿಟ್ಟಿಸಿದ. ಕೊನೆಗೆ ಗಂಭೀರವಾಗಿ ಹೇಳಿದ.

“ಇಂಜಿನ್ನು... ಇದೆ.”

“ಇಲ್ಲದೆ ಏನು, ಗುಂಡಮ್ಮನ್ನ ನಾನು ಬೆನ್ನಿಗೆ ಕಟ್ಕೊಂಡು ಓಡಾಡ್ತಿದ್ನಾ?”

ಮೆಟ್ಟಿಲಿಳಿದು ಬಂದವರು ಅಜ್ಜಿ. ಬೆಳ್ಳಿ ಕೂದಲು, ಕೈಯಲ್ಲಿ ಕೋಲು. ಕಾರಿನ ಒಡತಿ ಅವರೇ, ಕಾರಿಗೆ ಗುಂಡಮ್ಮ ಅಂತ ಹೆಸರಿಟ್ಟವರೂ ಅವರೇ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ಎಷ್ಟೋ ಬಸುರಿಯರನ್ನು ಈ ಕಾರಲ್ಲೇ ಕೂರಿಸಿಕೊಂಡು ಓಡಿದ್ದರು.

“ಆಸ್ಪತ್ರೆ ತಲುಪೋವರೆಗೂ ಕಾಯದೆ ಒಂದು ಮಗು ಆ ಹಿಂದಿನ ಸೀಟಲ್ಲೇ ಹುಟ್ತು,” ಅಂದರು ಹೆಮ್ಮೆಯಿಂದ.

ಹಿಂದಿನ ಸೀಟು ಮೆತ್ತಗಿದೆಯಾ ಅಂತ ಕೂತು ನೋಡುತ್ತಿದ್ದ ಭಾವ ಚಂಗನೆ ಎದ್ದ.

“ಮತ್ತೆ ಯಾಕಜ್ಜಿ ಮಾರ್ತಿದ್ದೀರಾ?” ಕಿಡಿ ಮೆಲ್ಲಗೆ ಕೇಳಿದಳು.

ಅಜ್ಜಿಯ ಮುಖ ಬಿಗಿಯಿತು. ಕೋಲು ಕನ್ನಡಕದವನ ಕಡೆ ತಿರುಗಿತು.

“ನನ್ನ ಮೊಮ್ಮಗ. ಕಣ್ಣು ಪರೀಕ್ಷೆ ಮಾಡಿ, ಇನ್ಮೇಲೆ ಗಾಡಿ ಮುಟ್ಟಬೇಡ ಅಂದ. ಸಾಕಿದ ಗಿಣಿ ಹದ್ದಾಗಿ ಕುಕ್ಕಿತು! ಅವತ್ತಿಂದ ನಾನು ಅವನ ಜೊತೆ ಮಾತಾಡಲ್ಲ.”

“ಗೋಡೆ ಮೇಲಿರೋ ದೊಡ್ಡ ಅಕ್ಷರ ಓದಜ್ಜಿ ಅಂದ್ರೆ, ಯಾವ ಗೋಡೆ ಅಂತ ಕೇಳಿದ್ರು ರೀ!” ಕನ್ನಡಕದವನು ಗೋಗರೆದ.

“ಅವನಿಗೆ ಹೇಳಮ್ಮಾ, ಕಾಫಿ ಆರ್ತಿದೆ ಅಂತ.”

ಕಿಡಿ ಅವನ ಕಡೆ ತಿರುಗಿದಳು. “ಕಾಫಿ ಆರ್ತಿದೆಯಂತೆ.”

“ಕೇಳಿಸ್ತು. ಥ್ಯಾಂಕ್ಸ್ ಅಂತ ಹೇಳಿ.”

ಇಬ್ಬರಿಗೂ ಒಟ್ಟಿಗೇ ನಗು ಬಂತು. ಅವನ ಕಣ್ಣು ಕನ್ನಡಕದ ಹಿಂದೆ ಎಷ್ಟು ಚೆನ್ನಾಗಿ ನಗುತ್ತೆ ಅಂತ ಕಿಡಿಗೆ ಅನಿಸಿತು. ಅನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ‘ಬಂದಿರೋದು ಕಾರು ನೋಡೋಕೆ ಕಣೇ!’

ಓಡಿಸಿ ನೋಡುವಾಗ ಅಜ್ಜಿ ಪಕ್ಕದಲ್ಲಿ ಕೂತರು. ಏರಿನಲ್ಲಿ ಗುಂಡಮ್ಮ ಕೆಮ್ಮಿ ನಿಂತಳು. ಕಿಡಿ ಹಲ್ಲು ಕಚ್ಚಿ ಗೇರ್ ಎಳೆದಳು.

“ಗದರಬೇಡ. ಅವಳನ್ನ ಪುಸಲಾಯಿಸಿದ್ರೆ ಮಾತ್ರ ಹೋಗೋದು.”

ಕಿಡಿ ಸ್ಟೇರಿಂಗಿಗೆ ಕೈ ಸವರಿ, “ಬಾ ನಮ್ಮಮ್ಮಾ... ಬಂಗಾರೀ...” ಅಂದಳು. ಗುಂಡಮ್ಮ ಒಮ್ಮೆ ನಡುಗಿ ಏರು ಹತ್ತಿಯೇಬಿಟ್ಟಳು!

ಅಜ್ಜಿಯ ಕಣ್ಣಲ್ಲಿ ನೀರಿತ್ತು. “ನಿಂಗೇ ಕೊಟ್ಟೆ. ಒಂದೇ ಮಾತು... ಭಾನುವಾರ ಭಾನುವಾರ ಬಂದು ನನ್ನ ಒಂದು ಸುತ್ತು ಕರ್ಕೊಂಡು ಹೋಗಬೇಕು.”

*

ಹಳೇ ಕಾರು ಕೊಳ್ಳುವುದು ಸುಲಭ, ಅದರ ಜೊತೆ ಬಾಳುವುದು ಕಷ್ಟ. ಎಡಕ್ಕೆ ತಿರುಗಿದರೆ ಹಾರ್ನು ತಾನೇ ಕೂಗುತ್ತಿತ್ತು. ಎದುರಿಗೆ ಬಂದವರೆಲ್ಲ ಕಿಡಿಯ ಕಡೆ ಕೆಕ್ಕರಿಸಿ ನೋಡುತ್ತಿದ್ದರು. ಕಿಟಕಿಯ ಗಾಜು ಇಳಿಯುವಾಗ ಮಹಾರಾಣಿ, ಏರುವಾಗ ಮಾತ್ರ ಎರಡೂ ಅಂಗೈ ಒತ್ತಿ ಎತ್ತಬೇಕು.

ಆದರೆ ಕೇಕುಗಳು ಕೇಕುಗಳಾಗಿಯೇ ತಲುಪುತ್ತಿದ್ದವು. ಸಕ್ಕರೆಯ ಮದುಮಗರ ತಲೆ ಕತ್ತಿನ ಮೇಲೇ ಇತ್ತು!

ದಿನಾ ಸಂಜೆ ಕನ್ನಡಕದವನ ಫೋನು ಬರುತ್ತಿತ್ತು.

“ಗುಂಡಮ್ಮ ಹೇಗಿದ್ದಾಳೆ?”

“ಹಾರ್ನು ಕೂಗಿ ಕೂಗಿ ಒಬ್ಬರು ಸೈಕಲ್ಲಿಂದ ಇಳಿದು ಜಗಳಕ್ಕೇ ನಿಂತ್ರು.”

“ಗುಂಡಮ್ಮನಿಗೆ ಏನೂ ಆಗಲಿಲ್ಲ ತಾನೇ?”

ಭಾನುವಾರ ಅಜ್ಜಿ ಮುಂದೆ, ಕನ್ನಡಕದವನು ಹಿಂದೆ. ತಲುಪಿಸಬೇಕಾದ ಕೇಕು ಇದ್ದರೆ ಅದು ಅವನ ತೊಡೆಯ ಮೇಲೆ. ರಸ್ತೆ ಉಬ್ಬು ಬಂದಾಗಲೆಲ್ಲ ಹಸುಗೂಸನ್ನು ಹಿಡಿದಂತೆ ಎತ್ತಿ ಹಿಡಿಯುತ್ತಿದ್ದ. ಮಾತು ಕಡಿಮೆ. ಮುಖ ಯಾಕೋ ಬಿಳಿಚಿಕೊಂಡಿರುತ್ತಿತ್ತು. ‘ಪಾಪ, ನಾಚಿಕೆ ಸ್ವಭಾವ,’ ಅಂದುಕೊಂಡಳು ಕಿಡಿ.

ಯಾವಾಗಿಂದಲೋ ಅವಳು ಭಾನುವಾರಕ್ಕೆ ಅಂತಲೇ ಒಳ್ಳೆ ಬಟ್ಟೆ ಎತ್ತಿಡಲು ಶುರುಮಾಡಿದ್ದಳು. ಹಿಂದಿನ ಗಾಡಿಗಳನ್ನು ನೋಡುವ ಕನ್ನಡಿಯನ್ನು ಹಿಂದಿನ ಸೀಟಿಗೆ ತಿರುಗಿಸಿಟ್ಟು ಅಜ್ಜಿಯ ಹತ್ತಿರ ಬೈಸಿಕೊಂಡಿದ್ದೂ ಉಂಟು.

ಆ ಭಾನುವಾರ ಅವಳು ಸ್ವಲ್ಪ ಬೇಗ ಬಂದಳು. ಮೆಟ್ಟಿಲು ಹತ್ತುತ್ತಿದ್ದಾಗ ಒಳಗಿಂದ ಮಾತು ಕೇಳಿಸಿತು. ಅಜ್ಜಿ ಮೊಮ್ಮಗನ ಜೊತೆ ಮಾತಾಡುತ್ತಿದ್ದಾರೆ! ಖುಷಿಯಿಂದ ಬಾಗಿಲು ತಟ್ಟಲು ಕೈ ಎತ್ತಿದಳು...

“ನನ್ನ ಗುಂಡಮ್ಮ ವಾಪಸ್ ಈ ಮನೆ ಮುಂದೆ ನಿಲ್ಲಬೇಕು ಕಣೋ. ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಾಯಿ ಬರಲ್ಲ. ಇರೋದು ಒಂದೇ ದಾರಿ. ಆ ಹುಡುಗೀನ ಮದುವೆ ಮಾಡ್ಕೊಂಡುಬಿಡು!”

ಅವನು ನಗುತ್ತಿದ್ದ. “ಆಯ್ತಜ್ಜಿ. ನಿನ್ನ ಕಾರಿಗೋಸ್ಕರ ಆ ತ್ಯಾಗಕ್ಕೂ ಸಿದ್ಧ!”

ಎತ್ತಿದ ಕೈ ಹಾಗೇ ನಿಂತಿತು.

ತ್ಯಾಗ...!

ಕಿಡಿ ಬಂದ ದಾರಿಯಲ್ಲೇ ಇಳಿದಳು. ಕಾರಿನಲ್ಲಿ ಕೂತ ಮೇಲೆ ಒಂದೊಂದೇ ನೆನಪಾಯಿತು. ದಿನಾ ಫೋನು... ಗುಂಡಮ್ಮ ಹೇಗಿದ್ದಾಳೆ, ಗುಂಡಮ್ಮನಿಗೆ ಏನೂ ಆಗಲಿಲ್ಲ ತಾನೇ! ಒಂದೇ ಒಂದು ದಿನ ‘ನೀವು ಹೇಗಿದ್ದೀರಾ’ ಅಂತ ಕೇಳಿದ್ದನಾ?

‘ಬಾಗಿಲ ಹಿಡಿ ಕಿತ್ತು ಬರೋ ಕಾರಿನ ಮುಂದೆ ನನ್ನ ಬೆಲೆ ಇಷ್ಟೇನಾ...!’

ಅವತ್ತು ಎಡಕ್ಕೆ ತಿರುಗಿದಾಗ ಹಾರ್ನಿನ ಜೊತೆ ಅವಳೂ ಅತ್ತಳು.

*

ಮರುದಿನ ಕನ್ನಡಕದವನು ಗಿರಾಕಿಯೊಬ್ಬರ ಮೂಗಿಗೆ ಫ್ರೇಮ್ ಕೂರಿಸುತ್ತಿದ್ದ. ಹೊರಗೆ ಬ್ರೇಕು ಕಿರುಚಿತು. ಗುಂಡಮ್ಮ ರಸ್ತೆಗೆ ಅಡ್ಡವಾಗಿ, ಅಂಗಡಿಗೆ ಮುಖ ಮಾಡಿ ನಿಂತಿದ್ದಳು. ಮೂಗು ಕೆಂಪಾಗಿದ್ದ ಕಿಡಿ ಒಳಗೆ ನುಗ್ಗಿ ಕೀಲಿಕೈಯನ್ನು ಮೇಜಿನ ಮೇಲೆ ಕುಕ್ಕಿದಳು.

“ತಗೊಳ್ಳಿ ನಿಮ್ಮ ಕಾರು! ಇದಕ್ಕೋಸ್ಕರ ಅಷ್ಟು ದೊಡ್ಡ ತ್ಯಾಗ ಏನೂ ಮಾಡೋದು ಬೇಡ!”

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. “ನೀವು... ನಿನ್ನೆ... ರೀ, ಒಂದು ನಿಮಿಷ ಕೇಳಿ...”

ಕೇಳಲಿಲ್ಲ. ಹೊರಟೇಹೋದಳು.

ಬೀದಿ ತಿರುವಿನ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಾಗ ಫೋನು ಬಂತು. ಅವನ ದನಿಯ ಹಿಂದೆ ಊರಿನ ಹಾರ್ನೆಲ್ಲ ಸೇರಿ ಕೂಗುತ್ತಿದ್ದವು.

“ದಯವಿಟ್ಟು ಬನ್ನಿ... ರಸ್ತೆ ಪೂರ್ತಿ ಬಂದ್ ಆಗಿದೆ. ಬಸ್ಸಿಂದ ಜನ ಇಳಿದು ನನ್ನನ್ನ ಹೊಡೆಯೋಕೆ ಬರ್ತಿದ್ದಾರೆ!”

“ನಿಮ್ಮ ಮುದ್ದಿನ ಕಾರು ತಾನೇ? ನೀವೇ ತೆಗೀರಿ!”

“ತಳ್ಳಿದ್ರೆ ಅಲ್ಲಾಡ್ತಿಲ್ಲ. ಹ್ಯಾಂಡ್‌ಬ್ರೇಕು ನನ್ನ ಮಾತು ಕೇಳ್ತಿಲ್ಲ.”

“ಓಡಿಸಿ ಮತ್ತೆ!”

ಆ ಕಡೆಯಿಂದ ಸಣ್ಣ ದನಿ.

“ನನಗೆ ಕಾರು ಓಡಿಸೋಕೆ ಬರಲ್ಲ.”

“...ಏನಂದ್ರಿ?”

“ಬರಲ್ಲ ರೀ! ಕಲಿಯೋಕೆ ಹೋಗಿ ಪಕ್ಕದ ಮನೆ ಕಾಂಪೌಂಡ್ ಕೆಡವಿದ್ದೆ. ಓಡಿಸೋದಿರಲಿ, ಆ ಕಾರಲ್ಲಿ ಕೂತ್ರೇ ನನಗೆ ವಾಂತಿ! ಪ್ರತಿ ಭಾನುವಾರ ನೀವು ಬರೋ ಮುಂಚೆ ಮಾತ್ರೆ ನುಂಗಿ ಕಾಯ್ತಿದ್ದೆ!”

ಕಿಡಿಗೆ ಆ ಭಾನುವಾರಗಳು ನೆನಪಾದವು. ಬಿಳಿಚಿದ ಮುಖ... ಬಾಯಿ ಬಿಡದೆ ಕೂತಿದ್ದದ್ದು... ಅಯ್ಯೋ!

“ಮತ್ತೆ ಯಾಕ್ರೀ ಬರ್ತಿದ್ರಿ?” ಅವಳ ದನಿ ಅವಳಿಗೇ ಕೇಳಿಸಲಿಲ್ಲ.

“ಯಾಕೆ ಅಂದ್ರೆ... ಮುಂದೆ ನೀವು... ಅಜ್ಜೀ! ಅಜ್ಜೀ, ಬೇಡ! ಇಳಿ! ಯಾರಾದ್ರೂ ಹಿಡ್ಕೊಳ್ಳಿ ಅವರನ್ನ!”

ಫೋನು ಕಟ್ಟಾಯಿತು.

ಕಿಡಿ ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದಳು!

ಅಂಗಡಿಯ ಮುಂದೆ ಜಾತ್ರೆಯೇ ನೆರೆದಿತ್ತು. ಕನ್ನಡಕದವನು ಎರಡೂ ತೋಳು ಚಾಚಿ ಕಾರಿಗೆ ಅಡ್ಡ ನಿಂತಿದ್ದ. ಸ್ಟೇರಿಂಗ್ ಹಿಡಿದು ಅಜ್ಜಿ ಕೂತಿದ್ದರು. ಕಿಟಕಿಯಿಂದ ಕತ್ತು ಹೊರಗೆ ಹಾಕಿ ಯಾರನ್ನೋ ವಿಚಾರಿಸುತ್ತಿದ್ದರು.

“ಅಲ್ಲಿ ಕಾಣೋದು ರಸ್ತೆನಾ, ಬಸ್ಸಾ? ಸರಿಯಾಗಿ ಹೇಳಪ್ಪಾ!”

“ಅಜ್ಜೀ!” ಕಿಡಿ ಬಾಗಿಲು ತೆರೆದಳು. “ಇಳೀರಿ ಮೊದಲು!”

“ಬಂದ್ಯಾ?” ಅಜ್ಜಿ ಆರಾಮಾಗಿ ಪಕ್ಕದ ಸೀಟಿಗೆ ಸರಿದರು. ಕೀಲಿಕೈ ಅವರ ಮಡಿಲಲ್ಲೇ ಇತ್ತು. ಅದನ್ನು ಹಾಕಿಯೇ ಇರಲಿಲ್ಲ. “ನನ್ನ ಕಣ್ಣು ಹೋಗಿರಬಹುದು, ಬುದ್ಧಿ ಇನ್ನೂ ನೆಟ್ಟಗಿದೆ. ನಾನು ಕೂರದೇ ಇದ್ದಿದ್ರೆ ನೀನು ಓಡಿ ಬರ್ತಿದ್ಯಾ?”

ಕಿಡಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬಸ್ಸಿನವನು ಮತ್ತೆ ಹಾರ್ನ್ ಒತ್ತಿದ. “ಹತ್ತಿ ರೀ, ನೋಡ್ತಾ ನಿಂತಿದ್ದೀರಲ್ಲ!” ಅಂತ ಕನ್ನಡಕದವನಿಗೆ ಗದರಿದಳು. ಅವನು ಹಿಂದೆ ಹತ್ತಿದ. ಗುಂಡಮ್ಮ ಹೊರಟಳು.

“ಅಜ್ಜೀ,” ಕಿಡಿ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು, “ಕಾರು ವಾಪಸ್ ಬೇಕಿದ್ರೆ ನನ್ನನ್ನೇ ಕೇಳಬಹುದಿತ್ತಲ್ವಾ?”

“ಕಾರು ಯಾರಿಗೆ ಬೇಕೇ? ಇವನು ದಿನಾ ಫೋನ್ ಹಿಡ್ಕೊಂಡು ಬಾಲ್ಕನೀಲಿ ಸುತ್ತೋದನ್ನ ಎಷ್ಟು ದಿನ ಅಂತ ನೋಡಲಿ? ನೇರವಾಗಿ ಕೇಳಿದ್ರೆ ಬಾಯಿ ಬಿಡಲ್ಲ. ಅದಕ್ಕೇ ಕಾರಿನ ನೆಪ ತೆಗೆದೆ. ಅಲ್ಲೂ ತಮಾಷೆ ಮಾಡಿ ಜಾರ್ಕೊಂಡ, ದಡ್ಡ!”

ಒಂದು ಶಾಲೆಯ ಉದ್ದನೆ ಗೋಡೆ, ಪಕ್ಕದಲ್ಲಿ ಮರದ ನೆರಳು. “ಇಲ್ಲಿ ನಿಲ್ಲಿಸು,” ಅಂದರು ಅಜ್ಜಿ. “ನೀವಿಬ್ಬರೂ ಕೆಳಗಿಳಿದು ಮಾತಾಡಿ. ನನ್ನ ಕಿವಿ ಚೆನ್ನಾಗಿದೆ, ಸ್ವಲ್ಪ ದೂರ ಹೋಗಿ.”

ಇಬ್ಬರೂ ಇಳಿದರು. ಅವನು ಗೋಡೆಗೆ ಒರಗಿ ಎರಡು ಸಲ ಉಸಿರೆಳೆದುಕೊಂಡ. ಮುಖದಲ್ಲಿ ಬೆವರು.

“ಮಾತ್ರೆ ತಗೊಂಡಿಲ್ವಾ ಇವತ್ತು?”

“ನೀವು ಟೈಮ್ ಕೊಡಲಿಲ್ಲ.”

ಕಿಡಿಗೆ ನಗು ತಡೆಯಲಾಗಲಿಲ್ಲ. ಆದರೆ ಕಣ್ಣು ಮತ್ತೆ ತುಂಬಿತು. “ತ್ಯಾಗ ಅಂದ್ರಲ್ಲ... ತುಂಬಾ ನೋವಾಯ್ತು ನನಗೆ.”

ಅವನು ಕನ್ನಡಕ ತೆಗೆದ. “ತಪ್ಪಾಯ್ತು. ತಮಾಷೆಗೂ ಆ ಮಾತು ಬರಬಾರದಿತ್ತು. ನಿಜ ಹೇಳೋಕೆ ಸಂಕೋಚ ಆಯ್ತು... ನೀವು ಹೇಗಿದ್ದೀರಾ ಅಂತ ಕೇಳೋಕೂ ಧೈರ್ಯ ಸಾಲದೆ ದಿನಾ ಗುಂಡಮ್ಮನ್ನ ಕೇಳ್ತಿದ್ದೆ. ನನಗೆ ಯಾವ ಕಾರೂ ಬೇಡ. ನೀವು ಸಿಟ್ಟು ಮಾಡ್ಕೊಂಡು ಹೊರಟ್ರಲ್ಲ, ಆಗ ಬಸ್ಸಿನವರು ಹೊಡೆದಿದ್ರೂ ಗೊತ್ತಾಗ್ತಿರಲಿಲ್ಲ ನನಗೆ.” ಕನ್ನಡಕ ಮತ್ತೆ ಹಾಕಿಕೊಂಡು ಅವಳನ್ನೇ ನೋಡಿದ. “ನೀವಂದ್ರೆ ನನಗೆ ತುಂಬಾ ಇಷ್ಟ.”

ಜಗಳಕ್ಕೆ ಸದಾ ಮುಂದಿರುತ್ತಿದ್ದ ಕಿಡಿ ಸೆರಗಿನ ತುದಿಯಿಂದ ಅವನ ಹಣೆಯ ಬೆವರು ಒರೆಸಿದಳು.

“ಈಗ ಹೇಗಿದೆ? ವಾಂತಿ ಬರೋ ಹಾಗಿದೆಯಾ?”

“ಇಲ್ಲ. ಎದೆ ಮಾತ್ರ ಹೊಡ್ಕೊಳ್ತಿದೆ.”

“ಅದಕ್ಕೆ ಮಾತ್ರೆ ಇಲ್ಲ,” ಅಂದಳು ಮೆಲ್ಲಗೆ. “ನನಗೂ ಹಾಗೇ ಆಗ್ತಿದೆ...”

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಕಾರಿನಲ್ಲಿ ಅಜ್ಜಿ ಬಲು ಶ್ರದ್ಧೆಯಿಂದ ಬೇರೆ ಕಡೆ ನೋಡುತ್ತಿದ್ದರು.

“ಸ್ವಲ್ಪ ದೂರ ನಡ್ಕೊಂಡು ಹೋಗೋಣ್ವಾ? ನನಗೆ ನಡೆಯೋಕೆ ಚೆನ್ನಾಗಿ ಬರುತ್ತೆ.”

“ನಡೆಯೋಣ. ಆದ್ರೆ ಇನ್ಮೇಲೆ ನನ್ನನ್ನ ‘ನೀವು’ ಅನ್ನಬಾರದು.”

“ಮತ್ತೆ?”

“ಮನೆಯವರನ್ನ ಹೇಗೆ ಕರೀತೀರೋ ಹಾಗೆ.”

ಅವನು ಗೋಡೆಯ ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆದ. ಕಿವಿ ಕೆಂಪಾಗಿತ್ತು.

“ನಿಧಾನವಾಗಿ ನಡಿಯೇ...” ಅಂದ. “ಈ ಗೋಡೆ ಬೇಗ ಮುಗಿದುಹೋಗುತ್ತೆ.”