ನಲವತ್ತು ನಿಮಿಷದ ದಾರಿ

ಸೋಮವಾರ ಬೆಳಿಗ್ಗೆ ದರ್ಜಿಯೊಬ್ಬ ಠಾಣೆಗೆ ಬಂದು ದೂರು ಕೊಟ್ಟ. ಹೆರಿಗೆಗೆ ಮುಂಚೆಯೇ ರಕ್ತಸ್ರಾವ ಶುರುವಾದ ಹೆಂಡತಿಯನ್ನು ಪುಟ್ಟ ವಿಮಾನದಲ್ಲಿ ಬೆಟ್ಟದಾಚೆಯ ಆಸ್ಪತ್ರೆಗೆ ಒಯ್ದಿದ್ದ. ಎರಡು ಸಣ್ಣ ನಿಲ್ದಾಣಗಳ ನಡುವೆ ನೂರೈವತ್ತು ಕಿಲೋಮೀಟರು, ನಲವತ್ತು ನಿಮಿಷದ ಹಾರಾಟ. ಅಂದು ಹಿಡಿದದ್ದು ಒಂದು ಗಂಟೆ ಇಪ್ಪತ್ತು ನಿಮಿಷ. ಮಗು ಉಳಿಯಿತು, ತಾಯಿ ಉಳಿಯಲಿಲ್ಲ. ಅರ್ಧ ಗಂಟೆ ಮೊದಲು ಬಂದಿದ್ದರೆ ಉಳಿಸಬಹುದಿತ್ತು ಎಂದಿದ್ದರು ವೈದ್ಯರು.

"ದಾರೀಲಿ ಏನಾದ್ರೂ ಕಂಡ್ಯಾ?" ಇನ್‌ಸ್ಪೆಕ್ಟರ್ ಕೇಳಿದರು.

"ಒಂದೇ ಕೆರೆ ಎರಡು ಸಲ ಕಾಣಿಸ್ತು ಸಾರ್. ಮೊದಲು ಬಲಗಡೆ, ಆಮೇಲೆ ಎಡಗಡೆ."

"ಪೈಲಟ್‌ಗೆ ಹೇಳಲಿಲ್ವಾ?"

ದರ್ಜಿ ತಲೆ ತಗ್ಗಿಸಿದ. "ಬಾಯಿವರೆಗೂ ಬಂತು. ಅಷ್ಟು ದೊಡ್ಡವರಿಗೆ ನಾನೇನು ಹೇಳೋದು ಅಂತ ನುಂಗ್ಕೊಂಡೆ. ಅವಳು ನನ್ನ ಕೈ ಹಿಡ್ಕೊಂಡೇ ಇದ್ದಳು ಸಾರ್."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ವಿಮಾನದ ಬಳಿ ಪಂಚನಾಮೆ ನಡೆಯಿತು. ಉಪಕರಣಗಳೆಲ್ಲ ಸರಿಯಾಗಿದ್ದವು. ನರೆಗೂದಲಿನ ಪೈಲಟ್ ಇಸ್ತ್ರಿ ಮುರಿಯದ ಸಮವಸ್ತ್ರದಲ್ಲಿ ನೆಟ್ಟಗೆ ನಿಂತಿದ್ದರು.

"ಅಷ್ಟು ಹೊತ್ತು ಯಾಕಾಯ್ತು?"

"ಎದುರುಗಾಳಿ."

ಇನ್‌ಸ್ಪೆಕ್ಟರ್ ಪಂಚನಾಮೆ ಚಾಚಿದರು. "ಓದಿ ಸಹಿ ಹಾಕಿ."

"ಕನ್ನಡಕ ಮನೇಲೇ ಮರೆತು ಬಂದೆ. ನೀವೇ ಓದ್ಬಿಡಿ."

ಮರುದಿನ ಇನ್‌ಸ್ಪೆಕ್ಟರ್ ಕಾನ್‌ಸ್ಟೆಬಲ್ ಜೊತೆ ಅದೇ ದಾರಿಯಲ್ಲಿ ಬೇರೊಬ್ಬ ಪೈಲಟ್‌ನೊಡನೆ ಹಾರಿದರು. ಕಾನ್‌ಸ್ಟೆಬಲ್ ಕಣ್ಣು ಮುಚ್ಚಿ ಸೀಟಿಗೆ ಅಂಟಿಕೊಂಡಿದ್ದ. ಹಾರಾಟ ನಲವತ್ತೆರಡು ನಿಮಿಷ ಹಿಡಿಯಿತು. ಕೆರೆ ಒಂದೇ ಸಲ ಕಂಡಿತು.

ಆಚೆಯ ನಿಲ್ದಾಣದಲ್ಲಿ ರೇಡಿಯೋ ನೋಡಿಕೊಳ್ಳುವ ಯುವಕ ಹೇಳಿದ: "ಅವತ್ತು ಎಲೆ ಕೂಡ ಅಲ್ಲಾಡ್ತಿರಲಿಲ್ಲ. ಸ್ವಲ್ಪ ಮಂಜಿತ್ತು ಅಷ್ಟೆ. ಎಲ್ಲಿದ್ದೀರಿ ಅಂತ ಕೇಳ್ತಾನೇ ಇದ್ದೆ. ಪ್ರತಿ ಸಲ 'ಬರ್ತಿದ್ದೀನಿ' ಅಂದ್ರು. ದಾರಿ ತಪ್ಪಿದೆ ಅಂದಿದ್ರೆ ನಾನೇ ತೋರಿಸ್ತಿದ್ದೆ. ಆದ್ರೆ ಅವರು ತಪ್ತಾರೆ ಅಂತ ನಾನು ಹೇಗೆ ಅಂದ್ಕೊಳ್ಳಲಿ? ನನಗೆ ಕೆಲಸ ಕಲಿಸಿದ ಗುರುಗಳು ಅವರು."

ಸಂಜೆ ಇನ್‌ಸ್ಪೆಕ್ಟರ್ ಆ ನರೆಗೂದಲಿನ ಪೈಲಟ್ ಮನೆಗೆ ಹೋದಾಗ ಅವರ ಹೆಂಡತಿ ನೀರು ತಂದುಕೊಟ್ಟರು.

"ಅಮ್ಮಾ, ಯಜಮಾನರ ಕನ್ನಡಕ ಕೊಡ್ತೀರಾ?"

"ಅವರಿಗೆ ಕನ್ನಡಕವೇ ಇಲ್ಲವಲ್ಲ! ಈ ವಯಸ್ಸಲ್ಲೂ ಕಣ್ಣು ಚುರುಕು," ಎಂದು ಆಕೆ ಹೆಮ್ಮೆಯಿಂದ ನಕ್ಕರು.

ಆ ನಗುವನ್ನು ಸಾಕ್ಷ್ಯ ಮಾಡಿಕೊಳ್ಳಲು ಇನ್‌ಸ್ಪೆಕ್ಟರಿಗೇ ಹಿಂಸೆಯಾಯಿತು. ಬಾಗಿಲಲ್ಲಿ ನಿಂತಿದ್ದ ಪೈಲಟ್ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಅವಳನ್ನ ಏನೂ ಕೇಳ್ಬೇಡಿ. ಅವಳಿಗೆ ಗೊತ್ತಿಲ್ಲ," ಎಂದರು. "ಎರಡು ವರ್ಷದಿಂದ ಕಣ್ಣು ಮಂಜು. ತಪಾಸಣೆಯ ಅಕ್ಷರಗಳನ್ನ ಬಾಯಿಪಾಠ ಮಾಡ್ಕೊಂಡು ಹೋಗ್ತಿದ್ದೆ. ಅವತ್ತು ಮುಂದಿದ್ದ ದಿಕ್ಸೂಚಿಯ ಅಂಕಿಗಳು ಕಾಣಲಿಲ್ಲ. ದಿಕ್ಕು ತಪ್ಪಿತು."

ಹೆಂಡತಿ ಗೋಡೆ ಹಿಡಿದು ಕುಳಿತುಬಿಟ್ಟರು.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣರಾದ ಆರೋಪದ ಮೇಲೆ ಅವರನ್ನು ಬಂಧಿಸಿ ಠಾಣೆಗೆ ಕರೆತಂದರು. ಅಲ್ಲಿ ಬೆಂಚಿನ ಮೇಲೆ ದರ್ಜಿ ಕಾಯುತ್ತಿದ್ದ. ಹೊಡೆಯಲು ಏಳುತ್ತಾನೇನೋ ಎಂದು ಕಾನ್‌ಸ್ಟೆಬಲ್ ಅಡ್ಡ ನಿಂತ. ದರ್ಜಿ ಏಳಲಿಲ್ಲ, ಕುಳಿತಲ್ಲಿಂದಲೇ ಪೈಲಟ್ ಕಡೆ ತಿರುಗಿ ಕೇಳಿದ.

"ಅಲ್ಲ ಸಾರ್, ರೇಡಿಯೋದಲ್ಲಿ ದಾರಿ ಯಾವುದು ಅಂತ ಒಂದು ಮಾತು ಕೇಳಬಾರದಿತ್ತಾ?"

ಪೈಲಟ್ ತಮ್ಮ ಬೂಟುಗಳನ್ನೇ ನೋಡುತ್ತಿದ್ದರು.

"ಆ ಕಡೆ ನನ್ನ ಶಿಷ್ಯ ಇದ್ದ," ಎಂದರು. "ನಾಚಿಕೆಯಾಯ್ತಪ್ಪ."