ಹೊಂಡದ ಕೊಂಬೆ

ರಸ್ತೆಗೆ ಡಾಂಬರು ಹಾಕುವವನು ನಾನು. ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ. ತಿರುವಿನ ಹೊಂಡದಲ್ಲಿ ಯಾರೋ ಪುಣ್ಯಾತ್ಮರು ಎಚ್ಚರಿಕೆಗೆಂದು ಹಸಿ ಕೊಂಬೆ ನೆಟ್ಟಿದ್ದರು. ಸಾಹೇಬರು ತಪಾಸಣೆಗೆ ಬರುತ್ತಾರೆಂದು ಅದನ್ನು ಕಿತ್ತೆಸೆದು ಮಣ್ಣು ಸುರಿದವನು ನಾನೇ. ಆ ಸಂಜೆಯ ಮಳೆಗೆ ಮಣ್ಣು ಕೊಚ್ಚಿಹೋಯಿತು. ನೀರು ತುಂಬಿದ ಹೊಂಡ ಕಾಣದೆ ಸ್ಕೂಟರಿನಲ್ಲಿ ಬಂದ ಹೆಂಗಸೊಬ್ಬಳು ಬಿದ್ದು ತೀರಿಹೋದಳು.

ಆಮೇಲೆ ಡಾಂಬರು ಹಾಕಿ ರೋಲರ್ ಓಡಿಸಿದೆವು. ಮರುದಿನ ಮಟಮಟ ಮಧ್ಯಾಹ್ನ ಹೋದರೆ ಅಲ್ಲೇ ಹಸಿ ಕೊಂಬೆ ನಿಂತಿತ್ತು. ಸುತ್ತ ಒಂದು ಬಿರುಕಿಲ್ಲ. ಉಳಿದ ರಸ್ತೆ ಕೆಂಡದಂತೆ ಸುಡುತ್ತಿದ್ದರೂ ಅಷ್ಟು ಜಾಗ ಮಾತ್ರ ತಣ್ಣಗಿತ್ತು; ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕೀಳಲು ಬಗ್ಗಿದೆ. ರೋಲರ್ ಓಡಿಸುವ ನಮ್ಮ ಭಾವ ಕೈ ಹಿಡಿದರು.

"ಒಂದ್ಸಲ ಕಿತ್ತಿದ್ದು ಸಾಲ್ದೇನೋ ನಿಂಗೆ?"

ಬಿಟ್ಟು ಬಂದೆ.

ಮೊನ್ನೆ ಮಧ್ಯಾಹ್ನ ಮಗಳು ಸ್ಕೂಟರ್ ಹೊರಗೆ ತೆಗೆಯುತ್ತಾ ಕೂಗಿದಳು: "ಅಪ್ಪಾ, ನಮ್ ಗೇಟ್ ಮುಂದೆ ಯಾರೋ ಕೊಂಬೆ ನೆಟ್ಟಿದಾರೆ. ಕಿತ್ತಾಕ್ಲಾ?"

ಬೇಡವೆಂದು ಕೂಗುತ್ತಾ ಓಡಿದೆ. ಅಷ್ಟರಲ್ಲಿ ಕೊಂಬೆ ಅವಳ ಕೈಯಲ್ಲಿತ್ತು. ಅದು ನಿಂತಿದ್ದ ಜಾಗದಲ್ಲಿ ಒಂದು ತೂತೂ ಇರಲಿಲ್ಲ.

ಅವಳ ಸ್ಕೂಟರಿನ ಕೀ ಅವತ್ತಿನಿಂದ ನನ್ನ ಜೇಬಿನಲ್ಲೇ ಇದೆ. ಹಗಲೆಲ್ಲಾ ಬಿಸಿ ಡಾಂಬರಿನ ಪಕ್ಕ ನಿಂತರೂ ಅದು ಬೆಚ್ಚಗಾಗುತ್ತಲೇ ಇಲ್ಲ.